ಫಿಶ್ ಟ್ಯಾಂಕಿಗೆ ನೀಲಿ ಎಲ್‌ಇಡಿ ಹಾಕೋ ಮುಂಚೆ ಇಷ್ಟು ತಿಳ್ಕೊಳ್ಳಿ: ಯಾವ ಟ್ಯಾಂಕಿಗೆ ಯಾವ ಲೈಟು?

ಹುಣಸೂರು: ಮೊಬೈಲ್‌ನಲ್ಲಿ ಹವಳದ ಟ್ಯಾಂಕಿನ ವಿಡಿಯೋ ನೋಡಿ, ಅದೇ ನೀಲಿ ಬೆಳಕು ನಮ್ಮ ಹೋಟೆಲ್‌ಗೂ ಬೇಕು, ಮನೆಯ ಹಾಲ್‌ಗೂ ಬೇಕು ಅಂತ ಆಸೆಪಡುವವರು ಬಹಳ. ಆನ್‌ಲೈನ್‌ನಲ್ಲಿ ‘ರೀಫ್’, ‘ಮರೀನ್’ ಎಂದು ಬರೆದ ಎಲ್‌ಇಡಿಗಳು ಸಾಕಷ್ಟು ಸಿಗುತ್ತವೆ. ಆದರೆ ಗೋಲ್ಡ್ ಫಿಶ್, ಗಪ್ಪಿ ಸಾಕಿರುವ ಸಿಹಿನೀರಿನ ಟ್ಯಾಂಕಿಗೆ ಆ ಲೈಟು ದಂಡ. ದುಡ್ಡೂ ಹೋಗುತ್ತೆ, ಗಾಜಿಗೆ ಪಾಚಿಯೂ ಕಟ್ಟುತ್ತೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಭಾಗದ ಟ್ಯಾಂಕ್ ಮಾಲೀಕರು ಮತ್ತು ಅಂಗಡಿಯವರಿಗೆ ಉಪಯೋಗವಾಗುವ ಮಾಹಿತಿ ಇಲ್ಲಿದೆ.

ಹವಳಕ್ಕೆ ನೀಲಿ ಬೆಳಕೇ ಯಾಕೆ?

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತದೆ. ಪಾಚಿ ಬೆಳಕಿನಿಂದ ಆಹಾರ ಮಾಡಿಕೊಂಡು ಹವಳಕ್ಕೂ ಪಾಲು ಕೊಡುತ್ತದೆ. ಸಮುದ್ರದಲ್ಲಿ ಮೊದಲ ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬೆಳಕು ಬಹುತೇಕ ಮುಗಿದುಹೋಗುತ್ತದೆ, ಕೆಳಗೆ ತಲುಪುವುದು ಹೆಚ್ಚಾಗಿ ನೀಲಿಯೇ. ಅದಕ್ಕೇ ರೀಫ್ ಎಲ್‌ಇಡಿಯಲ್ಲಿ 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಜಾಸ್ತಿ. ಅಲ್ಲಿ ಲೈಟು ಅಂದ ಮಾತ್ರವಲ್ಲ, ಹವಳದ ಊಟ. (ಉಂಗುರಕ್ಕೆ ಹಾಕುವ ಕೆಂಪು ಹವಳ ಬೇರೆ ಜಾತಿ, ಮಬ್ಬು ಬೆಳಕಿನಲ್ಲಿ ಬೆಳೆಯುವಂಥದ್ದು.)

ರೀಫ್ ಟ್ಯಾಂಕಿನವರು ಲೈಟನ್ನು ಲ್ಯೂಮೆನ್‌ನಲ್ಲಿ ಅಳೆಯುವುದಿಲ್ಲ. ಲ್ಯೂಮೆನ್ ಎಂದರೆ ನಮ್ಮ ಕಣ್ಣಿಗೆ ಎಷ್ಟು ಪ್ರಕಾಶ ಕಾಣುತ್ತೆ ಅನ್ನುವ ಲೆಕ್ಕ. ಪಾಚಿ, ಗಿಡಗಳ ಬಳಕೆಗೆ ಬರುವ ಬೆಳಕಿನ ಅಳತೆಗೆ ‘ಪಾರ್’ ಅನ್ನುತ್ತಾರೆ. ಮೆತ್ತನೆ ಹವಳಕ್ಕೆ ಸಾಮಾನ್ಯವಾಗಿ 50ರಿಂದ 150, ಕವಲೊಡೆದ ಗಟ್ಟಿ ಹವಳಕ್ಕೆ 200ರಿಂದ 350 ಪಾರ್ ಬೇಕು. ಹೊಸ ಲೈಟನ್ನು ಒಂದೇ ಸಲ ಪೂರ್ತಿ ಏರಿಸುವುದಿಲ್ಲ. ಶೇ. 30–40ರಲ್ಲಿ ಶುರು ಮಾಡಿ, ವಾರಕ್ಕೆ ಶೇ. 5ರಿಂದ 10ರಷ್ಟು ಹೆಚ್ಚಿಸುತ್ತಾರೆ. ಬೆಳಕು ಜಾಸ್ತಿಯಾದರೆ ಹವಳ ಒಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ.

ಇಲ್ಲಿ ಹವಳ ಸಾಕಬಹುದಾ? ಕಾನೂನು ಏನು?

ವಿಡಿಯೋದಲ್ಲಿ ಕಾಣುವ ಟ್ಯಾಂಕುಗಳು ಹೆಚ್ಚಾಗಿ ಅಮೆರಿಕ, ಯುರೋಪಿನವು. ಅಲ್ಲಿ ಟ್ಯಾಂಕಿನಲ್ಲೇ ಬೆಳೆಸಿದ ಹವಳದ ತುಂಡುಗಳನ್ನು ಅಂಗಡಿಯಲ್ಲಿ ಮಾರುತ್ತಾರೆ. ನಮ್ಮಲ್ಲಿ ಹಾಗಿಲ್ಲ. ರೀಫ್ ಕಟ್ಟುವ ಗಟ್ಟಿ ಹವಳ, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ, ಬೀಸಣಿಗೆಯಂಥ ಸೀ ಫ್ಯಾನ್ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಶೆಡ್ಯೂಲ್‌ನಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದೇ. ಉಲ್ಲಂಘಿಸಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ದಂಡ.

ಜೀವಂತ ಹವಳ ಮಾತ್ರವಲ್ಲ, ಸತ್ತ ಹವಳದ ಶೋಪೀಸ್ ಮಾರಿದರೂ ಇದೇ ಕಾನೂನು. ರೆಸಿನ್ ಅಥವಾ ಪ್ಲಾಸ್ಟಿಕ್ ಹವಳಕ್ಕೆ ತೊಂದರೆ ಇಲ್ಲ. ನಿಜವಾದ ಹವಳ ನೋಡಬೇಕಾದರೆ ಮುರುಡೇಶ್ವರದಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡಬಹುದು.

ಹಾಗಾದರೆ ನಮ್ಮ ಟ್ಯಾಂಕಿಗೆ ಯಾವುದು?

ಸಿಹಿನೀರಿನ ಟ್ಯಾಂಕಿಗೆ 6500 ಕೆಲ್ವಿನ್ ಆಸುಪಾಸಿನ ಬಿಳಿ ಎಲ್‌ಇಡಿ ಸಾಕು. ಮೀನಿನ ಬಣ್ಣ ಚೆನ್ನಾಗಿ ಕಾಣುತ್ತೆ, ಗಿಡವೂ ಬೆಳೆಯುತ್ತೆ. ಎರಡು ಅಡಿ ಟ್ಯಾಂಕಿಗೆ 15ರಿಂದ 20 ವ್ಯಾಟ್ ಸಾಕಾಗುತ್ತದೆ. ಹೊಂದಿಸುವಾಗ ಇವನ್ನು ಗಮನಿಸಿ:

• ದಿನಕ್ಕೆ 6 ಗಂಟೆಯಿಂದ ಶುರು ಮಾಡಿ. ಗಿಡ ಇದ್ದರೆ 8 ಗಂಟೆವರೆಗೆ ಏರಿಸಿ. ಅಂಗಡಿ ತೆರೆದಿರುವಷ್ಟು ಹೊತ್ತೂ ಉರಿಸಬೇಡಿ.

• ನೀರು ಹಸಿರಾದರೆ, ಗಾಜಿಗೆ ಹಸಿರು ಪಾಚಿ ಬಂದರೆ 1–2 ಗಂಟೆ ಕಡಿಮೆ ಮಾಡಿ ಎರಡು ವಾರ ನೋಡಿ. ಆಹಾರ ಹಾಕುವುದು ಜಾಸ್ತಿಯಾಗಿದೆಯಾ, ಬಿಸಿಲು ನೇರವಾಗಿ ಬೀಳುತ್ತಾ ಅನ್ನುವುದನ್ನೂ ಗಮನಿಸಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಕಾರಣ ಗೊತ್ತಾಗುವುದಿಲ್ಲ.

• ರಾತ್ರಿಯೆಲ್ಲ ನೀಲಿ ಲೈಟು ಬೇಡ. ಮೀನಿಗೂ ಕತ್ತಲೆ ಬೇಕು. ಅಂದಕ್ಕೆ ಬೇಕೆಂದರೆ ಸಂಜೆ ಒಂದು ಗಂಟೆ ಹಾಕಿ.

• ತಿರುಗುವ ಡಯಲ್ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತೆ. ಎರಡು ಗಂಟೆ ಕರೆಂಟ್ ಇಲ್ಲದಿದ್ದರೆ ಎರಡು ಗಂಟೆ ಹಿಂದೆ ಬೀಳುತ್ತೆ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ವಾಸಿ.

• ನೀರಿನ ಹತ್ತಿರದ ಲೈಟಿಗೆ ಕನಿಷ್ಠ ಐಪಿ 65 ರೇಟಿಂಗ್ ಇರಲಿ. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಡಿ. ಆಗ ಜಾರಿದ ನೀರು ಪ್ಲಗ್ ಸೇರದೆ ಕೆಳಗೇ ತೊಟ್ಟಿಕ್ಕುತ್ತದೆ.

ಬಿಲ್ ಎಷ್ಟು ಬರುತ್ತೆ?

18 ವ್ಯಾಟ್ ಲೈಟನ್ನು ದಿನಕ್ಕೆ 7 ಗಂಟೆ ಉರಿಸಿದರೆ ತಿಂಗಳಿಗೆ 4 ಯೂನಿಟ್ ಒಳಗೇ. 100 ವ್ಯಾಟ್ ರೀಫ್ ಲೈಟನ್ನು 9 ಗಂಟೆ ಉರಿಸಿದರೆ 27 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಅಂಗಡಿ, ಹೋಟೆಲ್ ಮೀಟರ್‌ಗೆ ಈ ಯೋಜನೆಯೇ ಇಲ್ಲ.

ಅಂಗಡಿಯವರ ಗಮನಕ್ಕೆ

ಗಿರಾಕಿ ‘ನೀಲಿ ಲೈಟು ಕೊಡಿ’ ಅಂದರೆ, ಮೊದಲು ಟ್ಯಾಂಕಿನ ಅಳತೆ, ಗಿಡ ಇದೆಯಾ ಇಲ್ವಾ ಕೇಳಿ. ಬ್ರೈಟ್‌ನೆಸ್ ಕಡಿಮೆ ಮಾಡುವ ಸೌಲಭ್ಯ ಇರುವ ಬಿಳಿ ಲೈಟು ಕೊಟ್ಟರೆ ಪಾಚಿಯ ದೂರು ಕಡಿಮೆ. ಉಳಿದ ದುಡ್ಡಿಗೆ ಬ್ಯಾಟರಿ ಏರ್ ಪಂಪ್ ತೋರಿಸಿ. ಕರೆಂಟ್ ಹೋದಾಗ ಲೈಟು ಇಲ್ಲದೆ ಮೀನು ಸಾಯುವುದಿಲ್ಲ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮಾತ್ರ ಕೆಲವೇ ಗಂಟೆಯಲ್ಲಿ ಸಾಯಬಹುದು.