ಮಕ್ಕಳ ವಾರ್ಡಿಗೆ ಏನು ಒಯ್ಯಬೇಕು, ಹೇಗೆ ಕೊಡಬೇಕು?

ನಾಯಕರೊಬ್ಬರ ಹುಟ್ಟುಹಬ್ಬ ಬಂತೆಂದರೆ ಸರ್ಕಾರಿ ಆಸ್ಪತ್ರೆಗೆ ಬ್ರೆಡ್ಡು, ಬಾಳೆಹಣ್ಣು ಬರುತ್ತವೆ. ಮಂಚದಿಂದ ಮಂಚಕ್ಕೆ ಹಂಚಿಕೆ, ಒಂದು ಗ್ರೂಪ್ ಫೋಟೊ, ಮರುದಿನ ಪತ್ರಿಕೆಯಲ್ಲಿ ಪುಟ್ಟ ಸುದ್ದಿ. ಕೊಡುವ ಮನಸ್ಸಿಗೆ ನಮ್ಮ ಊರುಗಳಲ್ಲಿ ಬರವಿಲ್ಲ. ಆದರೆ ಮಕ್ಕಳ ವಾರ್ಡಿಗೆ ಒಯ್ಯುವ ಚೀಲದಲ್ಲಿ ಇರಬೇಕಾದ್ದು ಬೇರೆ.

ಆಸ್ಪತ್ರೆ ಸೇರಿದ ಮಗುವನ್ನು ಯಾರೂ ಏನೂ ಕೇಳುವುದಿಲ್ಲ. ಸೂಜಿ ಚುಚ್ಚುತ್ತಾರೆ, ರಕ್ತ ತೆಗೆಯುತ್ತಾರೆ, ಔಷಧಿ ನುಂಗಿಸುತ್ತಾರೆ. ಅದು ಬೇಡವೆಂದರೂ ಬಿಡುವಂತಿಲ್ಲ. ಯಾವ ಬಣ್ಣ ಹಚ್ಚಬೇಕು, ಯಾವ ಕಥೆ ಕೇಳಬೇಕು ಎಂಬುದನ್ನು ಮಾತ್ರ ಮಗು ತಾನೇ ತೀರ್ಮಾನಿಸಬಹುದು. ಹಾಗಾಗಿ ಉಡುಗೊರೆ ಆರಿಸುವಾಗ ಎರಡೇ ಪ್ರಶ್ನೆ ಕೇಳಿಕೊಂಡರೆ ಸಾಕು: ಇದರಿಂದ ಮಗುವಿಗೆ ತಾನಾಗಿ ಏನಾದರೂ ಮಾಡಲು ಸಿಗುತ್ತದೆಯೇ? ಇದು ಸೋಂಕು ತರುತ್ತದೆಯೇ?

ಆಟವಾಡುವುದು ಮಕ್ಕಳ ಹಕ್ಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತ ಇದನ್ನು ಒಪ್ಪಿದ್ದು 1992ರಲ್ಲಿ. ಸರ್ಕಾರಿ ಆಸ್ಪತ್ರೆಗಳ ಮಕ್ಕಳ ವಿಭಾಗವನ್ನು ಮಕ್ಕಳಸ್ನೇಹಿ ಮಾಡಲು ಕೇಂದ್ರ ಸರ್ಕಾರ 2021ರಲ್ಲಿ ‘ಮುಸ್ಕಾನ್’ ಎಂಬ ಕಾರ್ಯಕ್ರಮವನ್ನೂ ಆರಂಭಿಸಿದೆ. ಹೀಗಾಗಿ ಬಣ್ಣ, ಕಥೆ, ಆಟಿಕೆ ಹಿಡಿದು ಬರುವವರು ಯಾರ ಕೃಪೆಯನ್ನೂ ಬೇಡಬೇಕಿಲ್ಲ. ಅನುಮತಿಯನ್ನು ಮಾತ್ರ ಕೇಳಲೇಬೇಕು.

ಮೊದಲ ಭೇಟಿ ಬರಿಗೈಯಲ್ಲಿ

ನಮ್ಮ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಾದರೆ ಅನುಮತಿ ಕೊಡುವುದು ಜಿಲ್ಲಾ ಶಸ್ತ್ರಚಿಕಿತ್ಸಕರ ಕಚೇರಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಗಳಾದರೆ ಆಡಳಿತ ವೈದ್ಯಾಧಿಕಾರಿ. ನೀವು ಯಾರು, ಎಷ್ಟು ಜನ ಬರುತ್ತೀರಿ, ಏನು ತರುತ್ತೀರಿ ಎಂದು ಒಂದು ಪುಟದ ಅರ್ಜಿ ಬರೆಯಿರಿ. ದುಡ್ಡು ಅಥವಾ ದೊಡ್ಡ ಸಾಮಾನು ಕೊಡುವುದಿದ್ದರೆ ಆರೋಗ್ಯ ರಕ್ಷಾ ಸಮಿತಿಯ ಮೂಲಕ ಕೊಟ್ಟು ರಸೀದಿ ಪಡೆಯಿರಿ.

ಅನುಮತಿ ಸಿಕ್ಕ ಮೇಲೆ ನಿಜವಾದ ಮಾತುಕತೆ ವಾರ್ಡಿನ ಸಿಸ್ಟರ್ ಜೊತೆ. ಅಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾವ ವಯಸ್ಸಿನವರು, ಯಾರನ್ನು ಮುಟ್ಟುವಂತಿಲ್ಲ, ಬಾಯಿಗೆ ಏನೂ ಕೊಡಬಾರದ ಮಗು ಯಾವುದು ಎಂಬುದೆಲ್ಲ ಅವರಿಗೆ ಗೊತ್ತು. ಬೆಳಿಗ್ಗೆ ವೈದ್ಯರ ರೌಂಡ್ಸ್, ಇಂಜೆಕ್ಷನ್, ಡ್ರೆಸ್ಸಿಂಗ್ ಇರುವುದರಿಂದ ಸಾಮಾನ್ಯವಾಗಿ ಮಧ್ಯಾಹ್ನದ ನಂತರವೇ ಬಿಡುವು.

ಎಷ್ಟು ದಿನ ಇರುವ ಮಗು?

ತಾಲ್ಲೂಕು ಆಸ್ಪತ್ರೆಗೆ ಜ್ವರ, ವಾಂತಿಭೇದಿ ಎಂದು ಬಂದ ಮಗು ಎರಡು ಮೂರು ದಿನಕ್ಕೆ ಮನೆಗೆ ಹೋಗುತ್ತದೆ. ಕಾಯಿಲೆ ಬಲವಾದರೆ ಚಿತ್ರದುರ್ಗಕ್ಕೆ, ಅಲ್ಲಿಂದ ದಾವಣಗೆರೆಗೆ, ಕ್ಯಾನ್ಸರ್ ಆದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಳಿಸುತ್ತಾರೆ. ಮೂಳೆ ಮುರಿದ, ಸುಟ್ಟ ಗಾಯದ ಮಕ್ಕಳು ವಾರಗಟ್ಟಲೆ ಇರಬೇಕಾಗಬಹುದು. ಥಲಸ್ಸೀಮಿಯಾ ಇರುವವರು ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುತ್ತಲೇ ಇರುತ್ತಾರೆ.

ಎರಡು ದಿನ ಇದ್ದು ಹೋಗುವ ಮಗುವಿಗೆ ಒಂದು ಚಿತ್ರಪುಸ್ತಕ, ಆರು ಬಣ್ಣದ ಕಡ್ಡಿ ಸಾಕು. ವಾರಗಟ್ಟಲೆ ಇರುವವರಿಗೆ ದಿನಕ್ಕಿಷ್ಟು ಎಂದು ಬೆಳೆಯುವ ಕೆಲಸ ಬೇಕು: ಕಾಗದ ಮಡಚಿ ಹಕ್ಕಿ, ದೋಣಿ ಮಾಡುವುದು, ಉಣ್ಣೆ ದಾರ ನೇಯುವುದು, ತನ್ನದೇ ಕಥೆ ಬರೆದು ಚಿತ್ರ ಹಾಕುವುದು. ಮತ್ತೆ ಮತ್ತೆ ಬರುವ ಮಗುವಿಗೆ ಅದರ ಹೆಸರು ಬರೆದ ಒಂದು ಫೈಲ್ ಮಾಡಿಕೊಡಿ. ಹಿಂದಿನ ಸಲ ಅರ್ಧಕ್ಕೆ ಬಿಟ್ಟ ಚಿತ್ರ ಮುಂದಿನ ಸಲ ಮುಗಿಯಲಿ.

ಚೀಲದಲ್ಲಿ ಏನಿರಬೇಕು

ಸಲೈನ್ ಹಾಕಿದ ಕೈಗೆ ಪಟ್ಟಿ ಕಟ್ಟಿರುತ್ತಾರೆ. ಆದ್ದರಿಂದ ಒಂದೇ ಕೈಯಲ್ಲಿ ಮಾಡಬಹುದಾದದ್ದನ್ನು ಆರಿಸಿ. ಕಾಗದ ಜಾರದಂತೆ ಕ್ಲಿಪ್ ಇರುವ ರಟ್ಟು, ಹಿಡಿಯಲು ಸುಲಭವಾದ ದಪ್ಪ ಕ್ರೇಯಾನ್, ಅಂಟಿಸುವ ಸ್ಟಿಕ್ಕರ್ ಒಳ್ಳೆಯವು. ಜಲವರ್ಣ ಹಾಸಿಗೆ ಮೇಲೆ ಚೆಲ್ಲುತ್ತದೆ. ಅದನ್ನು ತೊಳೆಯುವವರು ಆಗಲೇ ಸುಸ್ತಾಗಿರುವ ತಾಯಿ ಅಥವಾ ಆಯಾ.

ಪುಸ್ತಕ ಕೊಡುವಾಗ ಜಿಲ್ಲೆಯ ಭಾಷೆಗಳು ನೆನಪಿರಲಿ. ತಾಂಡಾದಿಂದ ಬಂದ ಮಗುವಿನ ಮನೆಮಾತು ಲಂಬಾಣಿ, ಆಂಧ್ರದ ಗಡಿ ಕಡೆಯಿಂದ ಬಂದದ್ದರದು ತೆಲುಗು, ಪಕ್ಕದ ಮಂಚದ್ದು ಉರ್ದು ಇರಬಹುದು. ಮಾತಿಲ್ಲದ, ಬರೀ ಚಿತ್ರಗಳ ಪುಸ್ತಕ ಎಲ್ಲರಿಗೂ ಹೊಂದುತ್ತದೆ. ಕನ್ನಡದ್ದು ಬೇಕಾದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಿಂದ ಮಕ್ಕಳ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು.

ಆಟಿಕೆಗಳಲ್ಲಿ ತೊಳೆದು ಒಣಗಿಸಬಹುದಾದ ಗಟ್ಟಿ ಪ್ಲಾಸ್ಟಿಕ್ಕಿನವು ಎಲ್ಲರೂ ಆಡುವ ಬುಟ್ಟಿಗೆ ಸರಿ. ಒಂದು ಮಗು ಆಡಿದ ಮೇಲೆ ಸೋಪಿನ ನೀರಲ್ಲಿ ತೊಳೆದು, ಆಸ್ಪತ್ರೆಯವರು ಹೇಳಿದ ಸೋಂಕುನಿವಾರಕದಲ್ಲಿ ಅದ್ದಿ, ಮತ್ತೆ ಶುದ್ಧ ನೀರಲ್ಲಿ ಜಾಲಿಸಿ ಒಣಗಿಸಿದ ನಂತರವೇ ಇನ್ನೊಂದರ ಕೈಗೆ. ಚನ್ನಪಟ್ಟಣದ ಬೊಂಬೆ ಚೆಂದ, ಆದರೆ ಅದರ ಬಣ್ಣ ಅರಗಿನದು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಸ್ಯಾನಿಟೈಸರಿನಿಂದ ಒರೆಸುತ್ತಾ ಹೋದರೆ ಹೊಳಪೂ ಹೋಗುತ್ತದೆ, ಬಣ್ಣವೂ ಹೋಗುತ್ತದೆ. ಅದನ್ನು ಬುಟ್ಟಿಗೆ ಹಾಕದೆ, ಮನೆಗೆ ಒಯ್ಯಲೆಂದು ಒಂದೊಂದು ಮಗುವಿಗೂ ಬೇರೆಯಾಗಿ ಕೊಡಿ.

ಏನು ಬೇಡ

ಮೆತ್ತನೆಯ ಟೆಡ್ಡಿ ಬೇರ್ ದೂಳು, ರೋಗಾಣು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹೊಸದಾಗಿದ್ದು ಒಂದೇ ಮಗುವಿನ ಬಳಿ ಉಳಿಯುವುದಾದರೆ ಸಿಸ್ಟರನ್ನು ಕೇಳಿ ಕೊಡಬಹುದು. ಹಂಚಿ ಆಡಲು ಬೇಡವೇ ಬೇಡ. ಒಳಗೆ ನೀರು ನಿಲ್ಲುವ ಸ್ನಾನದ ಆಟಿಕೆಯೂ ಬೇಡ. ಆಸ್ಟ್ರೇಲಿಯಾದ ಮಕ್ಕಳ ಕ್ಯಾನ್ಸರ್ ವಾರ್ಡೊಂದರಲ್ಲಿ ಇಂಥ ಆಟಿಕೆಗಳಿಂದಲೇ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹರಡಿದ್ದು 1998ರಲ್ಲಿ ವರದಿಯಾಗಿದೆ.

ಬಲೂನಿನ ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೆಲವು ಮಕ್ಕಳಿಗೆ ಅದರ ರಬ್ಬರ್ ಒಗ್ಗುವುದಿಲ್ಲ. ಬಟನ್ ಬ್ಯಾಟರಿ ನುಂಗಿದರೆ ಗಂಟೆಗಳಲ್ಲೇ ಅನ್ನನಾಳ ಸುಡುತ್ತದೆ. ಸುಮಾರು 3 ಸೆಂ.ಮೀ.ಗಿಂತ ಸಣ್ಣ ತುಣುಕು 3 ವರ್ಷದೊಳಗಿನವರಿಗೆ ಅಪಾಯ.

ತಿಂಡಿಯ ವಿಷಯದಲ್ಲಿ ಇನ್ನೂ ಬಿಗಿ ಬೇಕು. ನಮ್ಮ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಕೈಗೆ ಬರುವುದು ಶೇಂಗಾ. ನಾಲ್ಕೈದು ವರ್ಷದೊಳಗಿನ ಮಗುವಿನ ಶ್ವಾಸನಾಳಕ್ಕೆ ಇಳಿಯುವ ವಸ್ತುಗಳಲ್ಲಿ ಆ ಬೀಜವೇ ಮುಂದು. ಆಪರೇಷನ್ನಿಗೆಂದು ಉಪವಾಸವಿಟ್ಟ ಮಗುವಿನ ಎದುರು ಚಾಕೊಲೇಟ್ ಹಂಚುವುದಂತೂ ಶಿಕ್ಷೆಯೇ.

ಪೌಷ್ಟಿಕ ಪುನಶ್ಚೇತನ ಕೇಂದ್ರ

ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ತಾಯಿಯ ಜೊತೆ ಸಾಮಾನ್ಯವಾಗಿ 14 ದಿನ ಇರಿಸಿಕೊಳ್ಳುವ ಈ ಕೇಂದ್ರಗಳಲ್ಲಿ ಆಟ ಚಿಕಿತ್ಸೆಯ ಭಾಗವೇ ಆಗಿದೆ. ಈ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಹತ್ತು ಹೆಜ್ಜೆಗಳಲ್ಲಿ ಒಂಬತ್ತನೆಯದು ಮಗುವಿನ ಇಂದ್ರಿಯಗಳಿಗೆ ಉತ್ತೇಜನ, ಮನಸ್ಸಿಗೆ ಆಸರೆ. ದಿನಕ್ಕೆ 15ರಿಂದ 30 ನಿಮಿಷದ ಆಟ ಇರಲೇಬೇಕು. ಆಟಿಕೆಗಳನ್ನೂ ಮನೆಯ ವಸ್ತುಗಳಿಂದಲೇ ಮಾಡಿಕೊಳ್ಳಲು ಸಂಸ್ಥೆ ಸೂಚಿಸುತ್ತದೆ: ದಾರಕ್ಕೆ ಪೋಣಿಸಿದ ಖಾಲಿ ನೂಲುರುಳೆಗಳು, ಡಬ್ಬದ ಡೋಲು, ಒಂದರೊಳಗೊಂದು ಕೂರುವ ಬಟ್ಟಲು, ಗಿಲಕಿ. ತಾಯಂದಿರಿಗೆ ಇವನ್ನು ಮಾಡಲು ಕಲಿಸಿಬಂದರೆ ಆಟ ಹಳ್ಳಿಯ ತನಕ ಹೋಗುತ್ತದೆ. ಇಲ್ಲಿಗೆ ಬಿಸ್ಕತ್ತು ಮಾತ್ರ ಒಯ್ಯಬೇಡಿ. ಆ ಮಕ್ಕಳ ಹಾಲು, ಆಹಾರವನ್ನು ಮಿಲಿಲೀಟರಿನಲ್ಲಿ ಅಳೆದು ಕೊಡುತ್ತಾರೆ. ನಡುವೆ ಹೊಟ್ಟೆಗೆ ಹೋದ ಒಂದು ಪೊಟ್ಟಣ ಆ ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ವಾರ್ಡಿನೊಳಗೆ ಅರ್ಧ ಗಂಟೆ

ಇಬ್ಬರು ಮೂವರಿಗಿಂತ ಹೆಚ್ಚು ಜನ ಬೇಡ. ನೆಗಡಿ, ಕೆಮ್ಮು, ಜ್ವರ ಇದ್ದವರು ಮನೆಯಲ್ಲೇ ಉಳಿಯಿರಿ. ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವ ಮೊದಲು ಕೈ ತೊಳೆಯಿರಿ. ಹಾಸಿಗೆ ಮೇಲೆ ಕೂರಬೇಡಿ. ನವಜಾತ ಶಿಶು ಘಟಕ, ಐಸಿಯು ಹೊರಗಿನವರಿಗೆ ಅಲ್ಲ.

ಎರಡು ಮೂರು ಬಗೆಯ ಸಾಮಾನು ಮುಂದಿಟ್ಟು ‘ಯಾವುದು ಬೇಕು?’ ಎಂದು ಕೇಳಿ. ಯಾವುದೂ ಬೇಡವೆಂದರೆ ಒತ್ತಾಯಿಸದೆ ಮುಂದಕ್ಕೆ ಹೋಗಿ. ವಾಪಸು ಬರುವಾಗ ಇನ್ನೊಮ್ಮೆ ಕೇಳಿ. ಮರ ನೀಲಿಯಾದರೆ ಆಗಲಿ, ತಿದ್ದಬೇಡಿ. ಬಹುಮಾನ, ಸ್ಪರ್ಧೆ ಇಲ್ಲಿಗೆ ಸಲ್ಲ.

ಕಥೆ ಹೇಳುವವರಿಗೆ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರ ತಂಡ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಅಲ್ಲೊಂದು ರಂಗಶಾಲೆಯೂ ಇದೆ. ರಂಗದ ಮೇಲೆ ಪಳಗಿದವರು ವಾರ್ಡಿನಲ್ಲಿ ದನಿ ತಗ್ಗಿಸಬೇಕು. ಮುಖವಾಡ, ದಟ್ಟ ಬಣ್ಣ ಕಂಡು ಪುಟ್ಟ ಮಕ್ಕಳು ಹೆದರುತ್ತಾರೆ. ಎರಡು ಬೆರಳಿಗೆ ಹಾಕಿದ ಕಾಗದದ ಬೊಂಬೆ ಸಾಕಾಗುತ್ತದೆ.

ಗೋಡೆಗೆ ಚಿತ್ರ ಬರೆಯುವ ಮುನ್ನ

ಒಮ್ಮೆ ಖಾಲಿ ಮಂಚದ ಮೇಲೆ ಮಲಗಿ ನೋಡಿ. ಮಗುವಿಗೆ ಕಾಣುವುದು ಸೂರು ಮತ್ತು ಎದುರಿನ ಗೋಡೆಯ ಮೇಲ್ಭಾಗ. ನಾವು ಬರೆಯುವುದು ನಿಂತವರ ಕಣ್ಣಿನ ಎತ್ತರಕ್ಕೆ. ಬಣ್ಣ ದಿನವೂ ಒರೆಸಿದರೆ ತಡೆಯುವಂಥದ್ದು, ವಾಸನೆ ಕಡಿಮೆ ಇರುವಂಥದ್ದು ಆಗಿರಲಿ; ವಾರ್ಡು ಖಾಲಿ ಮಾಡಿಸದೆ ಕುಂಚ ಎತ್ತಬೇಡಿ. ವಿದೇಶಿ ಕಾರ್ಟೂನುಗಳನ್ನೇ ಬರೆಯಬೇಕೆಂದಿಲ್ಲ. ಕೋಟೆಯ ಬತೇರಿ, ಗುಡ್ಡದ ಗಾಳಿಯಂತ್ರ, ಮಾರಿಕಣಿವೆಯ ನೀರು, ಕುರಿಮಂದೆ, ಅಡಿಕೆ ತೋಟ ಎಲ್ಲವನ್ನೂ ಈ ಮಕ್ಕಳು ಕಂಡಿದ್ದಾರೆ. ಅದರ ಬಗ್ಗೆ ಅವರಿಗೆ ಮಾತಾಡಲು ಬರುತ್ತದೆ.

ಫೋಟೊ, ಮತ್ತು ಮುಂದಿನ ತಿಂಗಳು

ಮಗುವಿನ ಮುಖ ಸ್ಟೇಟಸ್ಸಿಗೆ ಬೇಡ. ವಾರ್ಡಿನಲ್ಲಿ ಪೋಕ್ಸೊ ಪ್ರಕರಣದ ಮಗು ಇರಬಹುದು, ಎಚ್‌ಐವಿ ಇರುವ ಮಗು ಇರಬಹುದು. ಅವರ ಗುರುತು ಹೊರಗೆಡಹುವುದಕ್ಕೆ 2012ರ ಪೋಕ್ಸೊ ಹಾಗೂ 2017ರ ಎಚ್‌ಐವಿ ಕಾಯ್ದೆಗಳಲ್ಲಿ ನಿರ್ಬಂಧವಿದೆ. ಯಾವ ಮಗು ಯಾಕೆ ಬಂದಿದೆಯೆಂದು ನಿಮಗೆ ಗೊತ್ತಿರುವುದಿಲ್ಲ. ವರದಿಗೆ ಚಿತ್ರ ಬೇಕೇ ಬೇಕಾದರೆ, ಮಗು, ಪೋಷಕರು ಮತ್ತು ಆಸ್ಪತ್ರೆ ಒಪ್ಪಿದಲ್ಲಿ, ಹೆಸರಿಲ್ಲದ ಅದರ ರಚನೆಯ ಫೋಟೊ ಸಾಕು.

ಕ್ರೇಯಾನ್ ತಿಂಗಳಲ್ಲಿ ಮುಗಿಯುತ್ತವೆ, ಕಾಗದ ಅದಕ್ಕೂ ಮೊದಲೇ. ವರ್ಷಕ್ಕೊಮ್ಮೆ ಲಾರಿ ತುಂಬ ಆಟಿಕೆ ತರುವ ಬದಲು ಹನ್ನೆರಡು ಜನ ಸೇರಿ ತಿಂಗಳಿಗೊಬ್ಬರಂತೆ ಸರದಿ ಹಾಕಿಕೊಳ್ಳಿ: ಒಂದು ತಿಂಗಳು ಶಾಲೆ, ಒಂದು ತಿಂಗಳು ಮಹಿಳಾ ಸಂಘ, ಒಂದು ತಿಂಗಳು ಹುಟ್ಟುಹಬ್ಬ ಆಚರಿಸುವ ಅಭಿಮಾನಿಗಳೂ ಆಗಬಹುದು. ಸರದಿಯ ಪಟ್ಟಿಯ ಒಂದು ಪ್ರತಿ ವಾರ್ಡಿನ ಸಿಸ್ಟರ್ ಬಳಿ ಇರಲಿ. ಯಾವುದು ಮುಗಿಯಿತು, ಯಾವುದು ಬೇಡವಾಯಿತು ಎಂದು ಅವರು ಬರೆದಿಟ್ಟದ್ದೇ ಮುಂದಿನವರ ಖರೀದಿ ಚೀಟಿ.