ಕೆರೆ ದಡದ ಮನೆಯ ಬೇಸಿಗೆ: ನೀರು ದೂರ, ಗುಂಡಿ ಹತ್ತಿರ!

ಚನ್ನಗಿರಿ ಕಡೆಯ ಬಸ್ಸು ಸೂಳೆಕೆರೆ ಹತ್ತಿರ ಬಂತೆಂದರೆ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಕಿಟಕಿಯಲ್ಲಿ ತಂಪು ಗಾಳಿ, ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು. "ಈ ದಡದಾಗೆ ಮನೆ ಇದ್ದೋರೇ ಪುಣ್ಯವಂತರು ಬಿಡ್ರಿ, ಅವರಿಗೆ ಬೇಸಿಗೇನೇ ಇಲ್ಲ" ಎಂದು ಒಬ್ಬರಾದರೂ ಅನ್ನದೆ ಇರುವುದಿಲ್ಲ.

ಆ ಪುಣ್ಯ ಎಷ್ಟಿದೆ ಎಂದು ನೋಡಿಯೇ ಬಿಡೋಣ ಅಂತ ಮೊನ್ನೆ ಒಂದು ದಿನ ದಡದ ಹೆಂಚಿನ ಮನೆಯೊಂದರಲ್ಲಿ ಇದ್ದು ಬಂದೆ. ಮನೆಯಲ್ಲಿ ಒಬ್ಬ ಅಜ್ಜಿ, ಮಗ, ಸೊಸೆ, ಎರಡು ಎಮ್ಮೆ. ರಜೆಗೆ ದಾವಣಗೆರೆಯಿಂದ ಬಂದ ಮೂವರು ಮೊಮ್ಮಕ್ಕಳು. "ನಮ್ಮ ಹೆಸರು ಪೇಪರಿಗೆ ಹಾಕಬ್ಯಾಡ ಕಣಪ್ಪಾ" ಎಂದು ಅಜ್ಜಿ ಮೊದಲೇ ಕಟ್ಟು ಹಾಕಿದರು. ಆಗಲಿ.

ಕಡ್ಡಿ ಲೆಕ್ಕ

ಈ ಮನೆಗೆ ಕ್ಯಾಲೆಂಡರ್ ಬೇಕಿಲ್ಲ. ಬೆಳಗ್ಗೆ ಎದ್ದ ಕೂಡಲೆ ಅಜ್ಜಿ ನೀರಿನ ಅಂಚಿಗೆ ಹೋಗಿ ಒಂದು ತೊಗರಿ ಕಡ್ಡಿ ಚುಚ್ಚಿ ಬರುತ್ತಾರೆ. ಮಾರನೆಯ ದಿನ ನೋಡಿದರೆ ಕಡ್ಡಿ ಒಣ ನೆಲದ ಮೇಲೆ, ನೀರು ಇನ್ನೂ ಆಚೆ. ಬಿರುಬಿಸಿಲಿನ ದಿನಗಳಲ್ಲಿ ಮುಕ್ಕಾಲು ಸೆಂಟಿಮೀಟರಿನಷ್ಟು ನೀರು ಬರೀ ಆವಿಯಾಗಿ ಹೋಗುತ್ತದೆ. ಕೇಳಲು ಸಣ್ಣ ಲೆಕ್ಕ. ಆದರೆ ಈ ಕಡೆ ದಡ ತಟ್ಟೆಯ ಹಾಗೆ ಸಪಾಟು. ಬೆರಳಗಲ ನೀರು ಇಳಿದರೆ ಅಂಚು ಎರಡು ಮಾರು ಹಿಂದೆ ಸರಿಯುತ್ತದೆ. ಸಂಕ್ರಾಂತಿಯಲ್ಲಿ ಹಿತ್ತಲ ಬೇಲಿಗೆ ತಾಗಿದ್ದ ನೀರು ಈಗ ಕೂಗಿದರೆ ಕೇಳದಷ್ಟು ದೂರ.

ನೀರು ದೂರ ಹೋದಷ್ಟೂ ಮನೆಗೆಲಸವೂ ದೂರ. ಬಟ್ಟೆ ಒಗೆಯಲು ನಡೆಯಬೇಕು, ಎಮ್ಮೆ ಮೈ ತೊಳೆಯಲು ನಡೆಯಬೇಕು. ಕಾಲು ಹೂತುಹೋಗುವ ಕೆಸರು ದಾಟಿ ಒಗೆದ ಬಟ್ಟೆಯನ್ನು ತಿರುಗಿ ತರುವಷ್ಟರಲ್ಲಿ ಅಂಚೆಲ್ಲಾ ಮತ್ತೆ ಕೆಸರು!

ಎದುರಿಗೆ ಕೆರೆ, ಕೈಯಲ್ಲಿ ಕೊಡ

ಇದು ಅಂಥಿಂಥ ಕೆರೆಯಲ್ಲ. 11-12ನೇ ಶತಮಾನದಲ್ಲಿ ಕಟ್ಟಿದ್ದು. ಎರಡು ಗುಡ್ಡದ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ. ಉದ್ದ ಹೆಚ್ಚಿಲ್ಲ, ದಪ್ಪವೇ ಅದರ ಬಲ. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳು, ಜಾಗ ಬಿಟ್ಟುಕೊಟ್ಟ ಸೂಳೆಯರ ಹೆಸರು ಕೆರೆಗೆ ಉಳಿಯಿತು ಎಂಬುದು ಜನರ ಬಾಯಿಯ ಕಥೆ. ಸರ್ಕಾರಿ ಕಾಗದದಲ್ಲಿ ಇದು ಶಾಂತಿಸಾಗರ. ಸಿದ್ದ, ಬಸವ ಎಂದು ಎರಡು ತೂಬು. ಇಲ್ಲಿಂದ ಹೊರಡುವ ಹರಿದ್ರಾ ಹೊಳೆ ಹರಿಹರದ ಬಳಿ ತುಂಗಭದ್ರೆ ಸೇರುತ್ತದೆ. ಕುಡಿಯುವ ನೀರು ಕೊಳವೆಯಲ್ಲಿ ಚಿತ್ರದುರ್ಗದ ತನಕ ಹೋಗುತ್ತದೆ.

ಆದರೆ ದಡದ ಮನೆಯವರು ಕುಡಿಯುವುದು ಕೆರೆ ನೀರಲ್ಲ. ಎಮ್ಮೆ ಬಿದ್ದ, ಸೋಪಿನ ನೊರೆ ತೇಲುವ ಅಂಚಿನ ನೀರನ್ನು ಹಾಗೇ ಕುಡಿಯುವುದು ಹೇಗೆ? ಬೀದಿ ನಲ್ಲಿಯೇ ಗತಿ. ಕರೆಂಟು ಇದ್ದರೆ ನೀರು, ಇಲ್ಲದಿದ್ದರೆ ಇಲ್ಲ. ಬೆಳಗ್ಗೆ ಸೊಸೆ ಪ್ಲಾಸ್ಟಿಕ್ ಕೊಡಗಳನ್ನು ಸಾಲಿನಲ್ಲಿಟ್ಟು ರೊಟ್ಟಿ ತಟ್ಟಲು ಬಂದರು. ಅರ್ಧ ರೊಟ್ಟಿ ಬೆಂದಿರಲಿಲ್ಲ, "ಬಂತ್ರೇ" ಎಂದು ಹೊರಗೆ ಕೂಗು. ರೊಟ್ಟಿ ಹಂಚಿನ ಮೇಲೇ ಉಳಿಯಿತು, ಸೊಸೆ ನಲ್ಲಿಗೆ ಓಡಿದರು.

ಸುಖ ಇಲ್ಲವೇ ಇಲ್ಲ ಅಂತಲ್ಲ. ಮಧ್ಯಾಹ್ನ ಮೀನಿನ ಸಾರು, ಮಾವಿನಕಾಯಿ ಚಟ್ನಿ. ಸಂಜೆ ಜಗಲಿಯ ಮೇಲೆ ಕೂತರೆ ಫ್ಯಾನು ಬೇಕಿಲ್ಲ. ದೀಪ ಹಚ್ಚಿದ ಮೇಲೆ ಮಾತ್ರ ಸೊಳ್ಳೆಯ ರಾಜ್ಯ. ಬೇವಿನ ಸೊಪ್ಪಿನ ಹೊಗೆ ಹಾಕದೆ ಊಟಕ್ಕೆ ಕೂರುವಂತಿಲ್ಲ.

ಅಜ್ಜಿಯ ನಿಜವಾದ ಹೆದರಿಕೆ

ಮಕ್ಕಳು ಬೆಳಗ್ಗೆಯಿಂದ ಒಂದೇ ರಾಗ: "ಅಜ್ಜೀ, ಒಂದೇ ಒಂದ್ಸಲ ಈಜ್ತೀವಿ." ಅಜ್ಜಿ ಜಗ್ಗಲಿಲ್ಲ.

"ನಿಮ್ಮ ಕಾಲದಲ್ಲಿ ನೀವೆಲ್ಲಾ ಈಜ್ತಿರಲಿಲ್ವಾ ಅಜ್ಜೀ?" ಎಂದೆ.

"ಈಜ್ತಿದ್ವಿ. ಸೋರೆಬುರುಡೆ ಕಟ್ಕೊಂಡು ನನ್ನ ಮಗನಿಗೂ ನಾನೇ ಕಲಿಸೀನಿ. ಆವಾಗ ಕೆರೆ ಸುಳ್ಳು ಹೇಳ್ತಿರಲಿಲ್ಲ ಕಣಪ್ಪಾ. ಮೊಣಕಾಲು, ಸೊಂಟ, ಎದೆ ಅಂತ ಒಂದೊಂದೇ ಹೆಜ್ಜೆಗೆ ಹೇಳಿ ಮುಳುಗಿಸ್ತಿತ್ತು. ಈಗ ಮೊಣಕಾಲು ನೀರಾಗೆ ನಿಂತಿರ್ತಾನೆ ಹುಡುಗ, ಮುಂದಿನ ಹೆಜ್ಜೆಗೆ ಇಲ್ಲ."

ಕಾರಣ ಮಣ್ಣು. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಕೆರೆಯಂಗಳಕ್ಕೆ ಜೆಸಿಬಿ, ಟ್ರ್ಯಾಕ್ಟರು ಇಳಿಯುತ್ತವೆ. ಕೆರೆಗೋಡು ಹೊಲಕ್ಕೆ ಒಳ್ಳೆಯದು, ಇಟ್ಟಿಗೆ ಗೂಡಿಗೂ ಬೇಕು. ಹೂಳು ತೆಗೆದರೆ ಕೆರೆಗೂ ಲಾಭವೇ. ಆದರೆ ಇಡೀ ಅಂಗಳವನ್ನು ಸಮನಾಗಿ ಕೆರೆಯುವ ಬದಲು ಒಳ್ಳೆ ಮಣ್ಣು ಸಿಕ್ಕ ಕಡೆ ಬಾವಿಯ ಹಾಗೆ ಅಗೆದು ಹೋದರೆ? ಮುಂಗಾರಿನ ಮೊದಲ ನಾಲ್ಕು ಮಳೆಗೇ ಗುಂಡಿ ತುಂಬಿ, ಮೇಲೆ ಸಮನಾಗಿ ನೀರು ನಿಲ್ಲುತ್ತದೆ. ಕೆಳಗೆ ಎರಡಾಳು ಆಳ ಇದೆ ಎಂದು ಗೊತ್ತಾಗುವುದು ಬಿದ್ದವನಿಗೆ ಮಾತ್ರ. ಅಂಚೆಲ್ಲಾ ಜಾರುವ ಜೇಡಿ. ಹಿಡಿದು ಮೇಲೆ ಬರಲು ಒಂದು ಬೇರೂ ಇಲ್ಲ. ಎಳೆಯಲು ಹೋದವನೂ ಒಳಗೆ. ಕೆರೆಯಲ್ಲಿ ಮುಳುಗಿದ ಸುದ್ದಿಯಲ್ಲಿ ಎಷ್ಟೋ ಸಲ ಎರಡು-ಮೂರು ಹೆಸರು ಒಟ್ಟಿಗೆ ಇರುವುದು ಇದಕ್ಕೇ.

ಮನೆಯ ಹತ್ತಿರವೇ ಅಂಥ ಎರಡು ಗುಂಡಿ ಕಂಡೆ. ಯಾರು ತೆಗೆದದ್ದು ಎಂದರೆ ಎಲ್ಲರೂ ಆಕಾಶ ನೋಡಿದರು.

ಖರ್ಚಿಲ್ಲದ ಕೆಲಸ

ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಮಣ್ಣು ತೆಗೆದವರು ಕೊನೆಯ ದಿನ ಅದೇ ಜೆಸಿಬಿಯಿಂದ ಗುಂಡಿಯ ಅಂಚನ್ನು ಇಳಿಜಾರು ಮಾಡಿ ಹೋದರೆ ಅರ್ಧ ಅಪಾಯ ಕಳೆಯಿತು. ಉಳಿದ ಗುಂಡಿಗೆ ನಾಲ್ಕು ಬಿದಿರು ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಲಿ. ಮಳೆ ಬೀಳುವ ಮುಂಚೆ ಊರಿನವರೂ ಪಂಚಾಯಿತಿಯವರೂ ಸೇರಿ ಕೆರೆಯಂಗಳವನ್ನು ಒಂದು ಸುತ್ತು ನೋಡಿದರೆ ಸಾಕು.

ರಜೆಗೆ ಮಕ್ಕಳನ್ನು ಹಳ್ಳಿಗೆ ಕಳಿಸಿದ ಅಂಗಡಿ ಸಾಹುಕಾರರೇ, ನೀವೂ ಕೇಳಿ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಧುಮುಕಬಾರದು. ಹಗ್ಗ, ಸೀರೆ, ಉದ್ದನೆ ಗಳ, ಖಾಲಿ ಪ್ಲಾಸ್ಟಿಕ್ ಕ್ಯಾನು, ಸಿಕ್ಕಿದ್ದನ್ನು ಎಸೆಯಿರಿ. ಮೇಲೆತ್ತಿದ ಮೇಲೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬರೀ ಹೊತ್ತು ಹಾಳು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು, 108ಕ್ಕೆ ಫೋನ್ ಮಾಡಬೇಕು.

ಸಂಜೆ ನಾನು ಹೊರಟಾಗ ಅಜ್ಜಿ ಹೊಸ್ತಿಲ ಬಳಿ ಬಗ್ಗಿ ಏನೋ ಎಣಿಸುತ್ತಿದ್ದರು. ಮಕ್ಕಳ ಚಪ್ಪಲಿ. ಮೂರು ಜೊತೆ ಇದ್ದವು. "ಸರಿ, ಹೋಗಿ ಬಾರಪ್ಪಾ, ಬಸ್ಸಿಗೆ ಹೊತ್ತಾಯ್ತು" ಎಂದರು.

ಬಸ್ಸಿನ ಕಿಟಕಿಯಿಂದ ಕೆರೆ ಎಂದಿನಂತೆ ಚೆಂದ ಕಾಣಿಸಿತು. ಗುಂಡಿ ಮಾತ್ರ ಅಲ್ಲಿಂದ ಕಾಣುವುದಿಲ್ಲ. ಮಳೆ ಬಿದ್ದ ಮೇಲೆ ದಡದಲ್ಲಿ ನಿಂತವರಿಗೂ ಕಾಣುವುದಿಲ್ಲ. ಮಾಡುವುದಿದ್ದರೆ ಈಗಲೇ ಮಾಡಬೇಕು.