ಬೆಚ್ಚಗಾದ ಕಡಲು, ಬೆಳ್ಳಗಾದ ಹವಳ

ಮಂಗಳೂರಿಗೂ ಲಕ್ಷದ್ವೀಪಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಹಾಯಿಹಡಗುಗಳಲ್ಲಿ ತಂದಿಳಿಸಿ, ಅಕ್ಕಿ ಹೇರಿಕೊಂಡು ಮರಳುತ್ತಿದ್ದುದು ಈ ಬಂದರಿನಿಂದಲೇ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈ ಹಳೆಯ ನೆರೆಯವರ ಕಡಲಿನಲ್ಲಿ ಈಗ ದೊಡ್ಡದೊಂದು ಸಂಕಟ ತಲೆದೋರಿದೆ.

ದ್ವೀಪಗಳ ನೆಲವೆಲ್ಲ ಕೂಡಿದರೂ ಸುಮಾರು 32 ಚದರ ಕಿಲೋಮೀಟರು ಮಾತ್ರ. ಆ ನೆಲವನ್ನು ಕಟ್ಟಿದವು ಹವಳವೆಂಬ ಪುಟ್ಟ ಜೀವಿಗಳು. ಪ್ರತಿಯೊಂದು ಜೀವಿಯೂ ತನ್ನ ಸುತ್ತ ಸುಣ್ಣದ ಗೂಡು ಕಟ್ಟುತ್ತದೆ. ಅಸಂಖ್ಯಾತ ಗೂಡುಗಳು ಸಹಸ್ರಾರು ವರ್ಷ ಒಂದರ ಮೇಲೊಂದು ಕೂಡಿ ದಿಬ್ಬವಾಗುತ್ತದೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಯೊಂದು ವಾಸಿಸುತ್ತದೆ. ಹವಳಕ್ಕೆ ಅನ್ನವನ್ನೂ ಬಣ್ಣವನ್ನೂ ಕೊಡುವುದು ಈ ಬಾಡಿಗೆದಾರನೇ!

ಬೇಸಗೆಯ ವಾಡಿಕೆಯ ಬಿಸಿಗಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ, ಅದು ಹಲವು ವಾರ ಉಳಿದರೆ ಸಾಕು, ಹವಳವು ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಬೇಗನೆ ನೀರು ತಣಿದರೆ ಚೇತರಿಸಿಕೊಂಡೀತು. ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಇಂತಹ ಅನಾಹುತ ನಡೆಯಿತು. 2024ರಲ್ಲಿ ಕಡಲು ಮತ್ತೆ ಕಾದಿತು.

ಗಿಳಿಮೀನಿನ ಕಸಬು

ಸತ್ತ ಹವಳದ ಮೇಲೆ ಹುಲ್ಲಿನಂತೆ ಪಾಚಿ ಹಬ್ಬುತ್ತದೆ. ಅದು ಹಬ್ಬಿದಲ್ಲಿ ಹವಳದ ಎಳೆಯ ಮರಿಗಳಿಗೆ ನೆಲೆಯಿಲ್ಲ. ಗಿಳಿಯ ಕೊಕ್ಕಿನಂತಹ ಬಾಯುಳ್ಳ ಗಿಳಿಮೀನುಗಳು ಈ ಪಾಚಿಯನ್ನು ಕೆರೆದು ತಿಂದು ಕಲ್ಲನ್ನು ಹಸನುಗೊಳಿಸುತ್ತವೆ. ಅವು ಕಲ್ಲಿನ ಚೂರನ್ನೂ ನುಂಗಿ ನುಣ್ಣನೆಯ ಮರಳಾಗಿ ವಿಸರ್ಜಿಸುತ್ತವೆ. ದ್ವೀಪದ ಬಿಳಿಯ ಮರಳಿನಲ್ಲಿ ಅವುಗಳ ಪಾಲೂ ಉಂಟು.

ಇಂತಹ ಮೀನುಗಳು ಅಲ್ಲಿ ಹೇರಳವಾಗಿ ಉಳಿದುದೇಕೆ? 1960ರ ದಶಕದಿಂದ ಸರಕಾರದ ಮೀನುಗಾರಿಕೆ ಇಲಾಖೆಯು ಮಿನಿಕಾಯಿಯವರ ಗಾಳದ ವಿದ್ಯೆಯನ್ನು ಉಳಿದ ದ್ವೀಪಗಳಿಗೆ ಹರಡಿತು. ಜನರು ದಿಬ್ಬವನ್ನು ದಾಟಿ ಹೊರಗಡಲಿನ ಟ್ಯೂನಾ ಮೀನನ್ನು ಕೋಲುಗಾಳದಿಂದ ಹಿಡಿಯತೊಡಗಿದರು. ದಿಬ್ಬದ ಮೀನು ಬಹುಮಟ್ಟಿಗೆ ನೆಮ್ಮದಿಯಾಗಿತ್ತು. 1998ರ ಪೆಟ್ಟಿನ ಬಳಿಕ ಹಲವೆಡೆ ಹವಳ ಮತ್ತೆ ಚಿಗುರಲು ಇದೂ ಒಂದು ಕಾರಣ.

ಈಗ ಗಾಳಿ ತಿರುಗಿದೆ. ಮುಖ್ಯನಾಡಿನ ಪೇಟೆಯಲ್ಲಿ ಮುರುಮೀನು ಮೊದಲಾದ ದಿಬ್ಬದ ಮೀನುಗಳಿಗೆ ಒಳ್ಳೆಯ ಬೆಲೆಯಿದೆ. ಬಿತ್ರಾದ ಬಳಿ ಮುರುಮೀನುಗಳು ಮೊಟ್ಟೆಯಿಡಲು ಅಮಾವಾಸ್ಯೆಯ ಆಸುಪಾಸಿನಲ್ಲಿ ಜಾತ್ರೆಯಂತೆ ನೆರೆಯುತ್ತವೆ. ಅಂತಹ ಹೊತ್ತಿನಲ್ಲಿ ಬಲೆ ಬೀಸಿದರೆ ಕೆಲವೇ ದಿನಗಳಲ್ಲಿ ಸಂತಾನವೇ ಬರಿದಾದೀತು. ಇನ್ನೊಂದು ತೊಡಕೂ ಇದೆ: ಟ್ಯೂನಾ ಹಿಡಿಯಲು ಬೇಕಾದ ಎರೆಮೀನು ಹವಳದ ಆಸರೆಯಲ್ಲೇ ಬೆಳೆಯುವಂಥದು. ಹವಳ ಅಳಿದರೆ ಎರೆ ತಪ್ಪುತ್ತದೆ. ಎರೆ ತಪ್ಪಿದ ಬೆಸ್ತನು ದಿಬ್ಬದ ಮೀನಿಗೇ ಕೈಹಾಕಬೇಕಾಗುತ್ತದೆ.

ಕಡಲಿನ ಕಾವನ್ನು ಇಳಿಸುವುದು ದ್ವೀಪದವರ ಕೈಯಲ್ಲಿಲ್ಲ; ಅದು ಕಲ್ಲಿದ್ದಲು, ಎಣ್ಣೆಗಳನ್ನು ಉರಿಸುವ ಇಡೀ ಜಗತ್ತಿನ ಹೊಣೆ. ಆದರೆ ಮೊಟ್ಟೆಯಿಡುವ ದಿನಗಳಲ್ಲಿ ಬಲೆ ಮಡಿಸಿಡುವುದು, ಗಿಳಿಮೀನನ್ನು ಬಿಟ್ಟುಬಿಡುವುದು, ಕೋಲುಗಾಳದ ಟ್ಯೂನಾಕ್ಕೆ ನ್ಯಾಯವಾದ ಬೆಲೆ ದೊರಕಿಸುವುದು ಮನುಷ್ಯಪ್ರಯತ್ನಕ್ಕೆ ನಿಲುಕುವ ಮಾತುಗಳು. ಒಂದು ಬೇಗೆಗೂ ಮುಂದಿನದಕ್ಕೂ ನಡುವಿನ ಬಿಡುವು ಕಿರಿದಾಗುತ್ತಿರುವಾಗ, ಆ ಬಿಡುವಿನಲ್ಲಿ ದುಡಿಯಲು ಗಿಳಿಮೀನಾದರೂ ಉಳಿದಿರಬೇಡವೇ?